ವಿಯೆನ್ನಾದ ಔಷಧಿ ಅಂಗಡಿ ಮತ್ತು ಮಲೆನಾಡಿನ ಉಣುಗು

ವಿದೇಶಗಳ ಆರೋಗ್ಯ ವ್ಯವಸ್ಥೆಯನ್ನು ‘ಅಧ್ಯಯನ’ ಮಾಡಿ ಬರಲು ಜನಪ್ರತಿನಿಧಿಗಳೋ ಅಧಿಕಾರಿಗಳೋ ತಂಡ ಕಟ್ಟಿಕೊಂಡು ಹೊರಟರೆಂಬ ಸುದ್ದಿ ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಅದರ ಬೆನ್ನಿಗೇ ಟೀಕೆಯೂ ಬರುತ್ತದೆ. ಬೊಕ್ಕಸದ ಹಣದಲ್ಲಿ ಮೋಜು ಎಂದು ಕೆಲವರು ದೂರಿದರೆ, ಹೊರಜಗತ್ತನ್ನು ಕಾಣದೆ ಸುಧಾರಣೆ ಹೇಗೆ ಸಾಧ್ಯ ಎಂದು ಇನ್ನು ಕೆಲವರು ಸಮರ್ಥಿಸುತ್ತಾರೆ. ಈ ವಾದ-ಪ್ರತಿವಾದದ ನಡುವೆ ಮುಖ್ಯವಾದ ಪ್ರಶ್ನೆಯೊಂದು ಕಳೆದುಹೋಗುತ್ತದೆ. ಹೋದವರು ಅಲ್ಲಿ ಏನನ್ನು ನೋಡಿದರು? ಬಂದ ಮೇಲೆ ಏನನ್ನು ಬರೆದರು?

ಅಂಥದೊಂದು ತಂಡದಲ್ಲಿ ನಾನೂ ಇದ್ದೆ. 2000ದ ದಶಕದ ನಡುವಿನ ಒಂದು ಏಪ್ರಿಲ್ ತಿಂಗಳು. ಯುರೋಪಿನ ಮೂರು ದೇಶಗಳು, ಹನ್ನೆರಡು ದಿನಗಳು. ದೊಡ್ಡ ಆಸ್ಪತ್ರೆಗಳ ಹೊಳೆಯುವ ಮೊಗಸಾಲೆಗಳಲ್ಲಿ ನಡೆದೆವು. ಸ್ಕ್ಯಾನಿಂಗ್ ಯಂತ್ರಗಳ ಮುಂದೆ ನಿಂತು ಛಾಯಾಚಿತ್ರ ತೆಗೆಸಿಕೊಂಡೆವು. ವಿಮಾ ಕಂಪನಿಗಳ ಪ್ರತಿನಿಧಿಗಳು ಪರದೆಯ ಮೇಲೆ ತೋರಿಸಿದ ನಕ್ಷೆಗಳನ್ನು ಗುರುತು ಹಾಕಿಕೊಂಡೆವು. ಮರಳಿ ಬಂದು ನಾನು ಕರಡು ಮಾಡಿದ ವರದಿ ನಲವತ್ತು ಪುಟಗಳಷ್ಟಿತ್ತು. ಅದರಲ್ಲಿದ್ದ ಶಿಫಾರಸುಗಳಲ್ಲಿ ಒಂದೂ ಈಗ ನನ್ನ ನೆನಪಿನಲ್ಲಿಲ್ಲ. ನೆನಪಿನಲ್ಲಿ ಉಳಿದಿರುವುದು ವರದಿಯಲ್ಲಿ ಬರೆಯದೇ ಬಿಟ್ಟ ಒಂದು ನೋಟ ಮಾತ್ರ.

ವಿಯೆನ್ನಾದಲ್ಲಿ ಒಂದು ಸಂಜೆ ತಲೆನೋವಿನ ಮಾತ್ರೆಗಾಗಿ ವಸತಿಗೃಹದ ಸಮೀಪದ ಔಷಧಿ ಅಂಗಡಿಗೆ ಹೋಗಿದ್ದೆ. ಗಾಜಿನ ಬಾಗಿಲಿನ ಮೇಲೆ ಆಳೆತ್ತರದ ಭಿತ್ತಿಚಿತ್ರ. ಅದರಲ್ಲಿದ್ದುದು ಒಂದು ಉಣುಗು. ನಮ್ಮ ಮಲೆನಾಡಿನಲ್ಲಿ ದನದ ಕಿವಿಯ ಸಂದಿಯಲ್ಲಿ ಕಾಣುವ ಅದೇ ಉಣ್ಣಿಯ ಬಳಗದ್ದು. ಅಂಗಡಿಯಾಕೆ ಸ್ವಲ್ಪ ಇಂಗ್ಲಿಷ್ ಬಲ್ಲವಳು. ವಿಚಾರಿಸಿದಾಗ ವಿವರಿಸಿದಳು: ಇದು ಉಣುಗಿನ ಕಾಲ, ಕಾಡಿಗೆ ಹೋಗುವವರೆಲ್ಲ ಲಸಿಕೆ ಹಾಕಿಸಿಕೊಳ್ಳಬೇಕು, ಈ ತಿಂಗಳುಗಳಲ್ಲಿ ಬೆಲೆಯಲ್ಲಿ ರಿಯಾಯಿತಿ ಇದೆ, ಪ್ರತಿವರ್ಷವೂ ಹೀಗೆಯೇ. ನಾನು ಮಾತ್ರೆ ಕೊಂಡು ಹೊರಬಂದೆ. ಬೀದಿಯಲ್ಲಿ ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಸಾಗರ ನೆನಪಾಯಿತು.

1990ರ ದಶಕದ ಆರಂಭದಲ್ಲಿ ನಾನು ಸಾಗರದಲ್ಲಿ ಉಪವಿಭಾಗಾಧಿಕಾರಿಯಾಗಿದ್ದೆ. ಮಂಗನ ಕಾಯಿಲೆಗೆ ಲಸಿಕೆ ಹಾಕಲು ಆರಂಭಿಸಿದ್ದ ಹೊಸತು. ಕಾಡಂಚಿನ ಶಾಲೆಯೊಂದರ ಜಗಲಿಯಲ್ಲಿ ನಡೆಯುತ್ತಿದ್ದ ಶಿಬಿರದಲ್ಲಿ ಮಧ್ಯವಯಸ್ಸಿನ ಕೂಲಿ ಹೆಂಗಸೊಬ್ಬಳು ತೋಳು ಹಿಡಿದುಕೊಂಡು ಕೇಳಿದ್ದಳು: ‘ಅಯ್ಯಾ, ಇದು ಹಾಕಿಸ್ಕಂಡ್ರೆ ಎರಡು ದಿನ ಕೈ ಎತ್ತಾಕಾಗಲ್ಲ. ಆ ಎರಡು ದಿನದ ಕೂಲಿ ಯಾರು ಕೊಡ್ತಾರೆ?’ ನಾನು ಅರ್ಥಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವನು. ಅಷ್ಟು ನಿಖರವಾದ ಅರ್ಥಶಾಸ್ತ್ರದ ಪ್ರಶ್ನೆಯನ್ನು ತರಗತಿಯಲ್ಲಿಯೂ ಕೇಳಿರಲಿಲ್ಲ. ಉತ್ತರ ಆಗ ನನ್ನಲ್ಲಿರಲಿಲ್ಲ.

ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಹೊಸನಗರವನ್ನು ಹಾದು, ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ನಿಂತು, ಜೋಗದಲ್ಲಿ ಧುಮುಕುತ್ತದೆ. ಈ ನದಿ ಪೋಣಿಸಿದ ಮೂರು ತಾಲ್ಲೂಕುಗಳ ಹೆಸರು ಬೇಸಿಗೆಯ ಸುದ್ದಿಗಳಲ್ಲಿ ಒಟ್ಟಾಗಿ ಬರುವುದು ಹೆಚ್ಚಾಗಿ ಮಂಗನ ಕಾಯಿಲೆಯ ಕಾರಣದಿಂದ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತವು. ಸುತ್ತಲಿನ ಜನ ಜ್ವರದಿಂದ ಮಲಗಿದರು. ಆಫ್ರಿಕಾದ ಹಳದಿ ಜ್ವರವೇ ಭಾರತಕ್ಕೆ ಕಾಲಿಟ್ಟಿತೇನೋ ಎಂಬ ಆತಂಕದಲ್ಲಿ ಪುಣೆಯ ವೈರಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಧಾವಿಸಿ ಬಂದರು. ಪರೀಕ್ಷೆಯ ನಂತರ ತಿಳಿದದ್ದು ಬೇರೆಯೇ ಸಂಗತಿ: ಇದು ರಷ್ಯಾ ಮತ್ತು ಯುರೋಪಿನ ಕಾಡುಗಳಲ್ಲಿ ಉಣುಗಿನಿಂದ ಹರಡುವ ಮಿದುಳು ಜ್ವರದ ವೈರಾಣುವಿನ ಸಮೀಪದ ಬಂಧು. ಜಗತ್ತಿನ ವೈದ್ಯಶಾಸ್ತ್ರದಲ್ಲಿ ಅದು ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ದಾಖಲಾಯಿತು.

ಅಂದರೆ ವಿಯೆನ್ನಾದ ಭಿತ್ತಿಚಿತ್ರದಲ್ಲಿದ್ದ ರೋಗ ನಮ್ಮ ರೋಗದ ದಾಯಾದಿ. ಆಸ್ಟ್ರಿಯಾ ಅದನ್ನು ಹೇಗೆ ನಿಭಾಯಿಸಿತು ಎಂಬುದನ್ನು ನಾನು ಓದಿ ತಿಳಿದದ್ದು ನಿವೃತ್ತಿಯ ನಂತರ. ಓದಬೇಕಾಗಿದ್ದುದು ಪ್ರವಾಸಕ್ಕೆ ಮೊದಲು. ಒಂದು ಕಾಲಕ್ಕೆ ಯುರೋಪಿನಲ್ಲಿ ಈ ಮಿದುಳು ಜ್ವರದ ಬಾಧೆ ಅತಿ ಹೆಚ್ಚಾಗಿದ್ದ ದೇಶಗಳ ಸಾಲಿನಲ್ಲಿ ಆಸ್ಟ್ರಿಯಾ ಮೊದಲಿತ್ತು. ವಿಯೆನ್ನಾ ವಿಶ್ವವಿದ್ಯಾಲಯದ ವೈರಾಣು ವಿಜ್ಞಾನಿ ಕ್ರಿಶ್ಚಿಯನ್ ಕುನ್ಝ್ ಮತ್ತು ಸಂಗಡಿಗರ ಶ್ರಮದಿಂದ 1976ರಲ್ಲಿ ಲಸಿಕೆ ಬಳಕೆಗೆ ಬಂತು. ಮೊದಲು ಅದು ರೈತರಿಗೆ, ಅರಣ್ಯ ಕಾರ್ಮಿಕರಿಗೆ. 1979ರಲ್ಲಿ ಆ ದೇಶದಲ್ಲಿ 677 ಪ್ರಕರಣಗಳು ದಾಖಲಾದವು. 1981ರಿಂದ ಇಡೀ ಜನಸಮುದಾಯವನ್ನು ಉದ್ದೇಶಿಸಿ ವಾರ್ಷಿಕ ಅಭಿಯಾನ ಶುರುವಾಯಿತು. ವೈದ್ಯರು, ಔಷಧಿ ಅಂಗಡಿಗಳು, ವಿಮಾ ಸಂಸ್ಥೆಗಳು, ಸರ್ಕಾರ ಎಲ್ಲರೂ ಕೈಜೋಡಿಸಿದರು. 1999ರಲ್ಲಿ ಪ್ರಕರಣಗಳು 41ಕ್ಕೆ ಇಳಿದವು. ಕಾಲಕ್ರಮದಲ್ಲಿ ಜನಸಂಖ್ಯೆಯ ಶೇ 80ಕ್ಕೂ ಹೆಚ್ಚು ಮಂದಿ ಒಮ್ಮೆಯಾದರೂ ಲಸಿಕೆ ಪಡೆದರು. ಹಾಗೆಂದು ರೋಗ ನಿರ್ಮೂಲವಾಗಿಲ್ಲ. 2020ರಲ್ಲಿ ಪ್ರಕರಣಗಳು ಮತ್ತೆ 200 ದಾಟಿದವು. ಉಣುಗು ಕಾಡಿನಲ್ಲಿ ಇದ್ದೇ ಇದೆ. ಆದ್ದರಿಂದಲೇ ಅಭಿಯಾನವೂ ನಿಂತಿಲ್ಲ.

ಈಗ ನಮ್ಮ ಕಥೆ. ಮಲೆನಾಡಿನಲ್ಲಿ ಉಣುಗಿನ ಮರಿಗಳು ಕಾಡಿನ ನೆಲದ ಒಣ ಎಲೆಗಳ ನಡುವೆ ಚುರುಕಾಗುವುದು ನವೆಂಬರ್-ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಅಡಿಕೆ ತೋಟಕ್ಕೆ ಸೊಪ್ಪಿನಬೆಟ್ಟದಿಂದ ತರಗೆಲೆ ಹೊರುವುದು, ಸೌದೆ ಒಟ್ಟುವುದು, ದನ ಮೇಯಿಸುವುದು ಎಲ್ಲವೂ ಇದೇ ತಿಂಗಳುಗಳಲ್ಲಿ. ಸೋಂಕು ತಗುಲಿದವರಿಗೆ ಇದ್ದಕ್ಕಿದ್ದಂತೆ ವಿಪರೀತ ಜ್ವರ, ತಲೆನೋವು, ಮೈಕೈ ಮುರಿಯುವಂಥ ನೋವು, ಕೆಲವರಿಗೆ ರಕ್ತಸ್ರಾವ. ಇದಕ್ಕೆಂದೇ ನಿರ್ದಿಷ್ಟ ಔಷಧವಿಲ್ಲ. ನೂರು ಮಂದಿಯಲ್ಲಿ ಮೂರರಿಂದ ಐದು ಮಂದಿ ಸಾಯುತ್ತಾರೆ. ಬದುಕಿದವರೂ ವಾರಗಟ್ಟಲೆ ದುಡಿಯಲಾರರು.

ನಮ್ಮಲ್ಲಿ ವಿಜ್ಞಾನವೇನೂ ಹಿಂದೆ ಬಿದ್ದಿರಲಿಲ್ಲ. ಸ್ವದೇಶಿ ಲಸಿಕೆ 1990ರಿಂದ ಬಳಕೆಗೆ ಬಂತು. 1990ರಿಂದ 1992ರವರೆಗಿನ ಕ್ಷೇತ್ರ ಪ್ರಯೋಗದಲ್ಲಿ ಎರಡು ಡೋಸ್ ಪಡೆದವರಲ್ಲಿ ಅದರ ಪರಿಣಾಮ ಶೇ 93ರಷ್ಟಿತ್ತು. 2005ರಿಂದ 2010ರವರೆಗಿನ ಅನುಭವವನ್ನು ವಿಶ್ಲೇಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಶೇ 62ಕ್ಕೆ ಕುಸಿದಿತ್ತು; ನಂತರದ ವರ್ಧಕ ಡೋಸನ್ನೂ ಪಡೆದವರಲ್ಲಿ ಶೇ 83ರಷ್ಟಿತ್ತು. ಒಂದು ತಿಂಗಳ ಅಂತರದಲ್ಲಿ ಎರಡು ಡೋಸ್, ಬಳಿಕ ವರ್ಷ ವರ್ಷವೂ ವರ್ಧಕ ಡೋಸ್, ಜೊತೆಗೆ ತೋಳಿನ ನೋವು. ಹಾಗಾಗಿ ಎಲ್ಲ ಡೋಸ್‌ಗಳನ್ನೂ ಪೂರೈಸಿದವರು ಕಡಿಮೆ. 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ರೋಗ ಭುಗಿಲೆದ್ದು ಹತ್ತಕ್ಕೂ ಹೆಚ್ಚು ಜೀವಗಳು ಹೋದವು. 2022ರಲ್ಲಿ, ಸಾಮರ್ಥ್ಯ ಸಾಲದೆಂಬ ಕಾರಣಕ್ಕೆ, ಇದ್ದ ಲಸಿಕೆಯೂ ನಿಂತಿತು. 2024ರ ಆರಂಭದಲ್ಲಿ ಹೊಸನಗರ ತಾಲ್ಲೂಕಿನಿಂದ ಸಾವಿನ ಸುದ್ದಿ ಬಂದಾಗ ಆರೋಗ್ಯ ಕಾರ್ಯಕರ್ತೆಯರ ಕೈಯಲ್ಲಿ ಉಳಿದಿದ್ದುದು ಮೈಗೆ ಹಚ್ಚಿಕೊಳ್ಳುವ ಡೆಪಾ ತೈಲ ಮತ್ತು ಎಚ್ಚರಿಕೆಯ ಮಾತು.

ಲಸಿಕೆ ಏಕಾಏಕಿ ಸತ್ತದ್ದಲ್ಲ. ಅದರ ಪರಿಣಾಮ ಇಳಿಯುತ್ತಿದೆ ಎಂಬುದು ಅಚ್ಚಿನಲ್ಲಿ ಬಂದು ಒಂಬತ್ತು ವರ್ಷಗಳಾದ ಮೇಲೆ ಅದು ನಿಂತಿತು. ಆ ಒಂಬತ್ತು ವರ್ಷಗಳಲ್ಲಿ ಅದನ್ನು ಸುಧಾರಿಸಿ ಜನರ ಕೈಗಿಡಲು ಆಗಲಿಲ್ಲ. ಏಕೆ? ಉತ್ತರಕ್ಕಾಗಿ ಬೇರೆಯವರನ್ನು ದೂರುವ ಮೊದಲು ನನ್ನ ಕೈಬರಹವನ್ನೇ ನೋಡಿಕೊಳ್ಳಬೇಕಾಗಿದೆ.

ಪ್ರವಾಸ ಮುಗಿಸಿ ಬಂದ ಕೆಲವು ವರ್ಷಗಳ ನಂತರ ನಾನಿದ್ದ ಮೇಜಿಗೆ ಒಂದು ಕಡತ ಬಂತು. ಮಂಗನ ಕಾಯಿಲೆ ಬರುವ ಪ್ರದೇಶಗಳಲ್ಲಿ ಖಾಲಿ ಬಿದ್ದಿದ್ದ ಕ್ಷೇತ್ರ ಸಿಬ್ಬಂದಿಯ ಹುದ್ದೆಗಳನ್ನು ತುಂಬುವ ಪ್ರಸ್ತಾವ. ಇವರ ಕೆಲಸ ದೊಡ್ಡದೆನಿಸುವಂಥದಲ್ಲ: ಸತ್ತ ಮಂಗಗಳ ಸುದ್ದಿ ಸಂಗ್ರಹಿಸುವುದು, ಮಂಗ ಸತ್ತ ಜಾಗದ ಸುತ್ತ ಐವತ್ತು ಮೀಟರ್ ಮೆಲಾಥಿಯನ್ ಪುಡಿ ಎರಚುವುದು, ಉಣುಗುಗಳನ್ನು ಹಿಡಿದು ಪರೀಕ್ಷೆಗೆ ಕಳುಹಿಸುವುದು, ಜ್ವರ ಬಂದವರ ರಕ್ತದ ಮಾದರಿಯನ್ನು ಬೇಗ ತಲುಪಿಸುವುದು. ನಾನು ಟಿಪ್ಪಣಿ ಬರೆದೆ: ‘ಕಳೆದೆರಡು ವರ್ಷಗಳಲ್ಲಿ ಪ್ರಕರಣಗಳ ಸಂಖ್ಯೆ ಕಡಿಮೆಯಿರುವುದರಿಂದ ಪ್ರಸ್ತಾವವನ್ನು ಮುಂದಿನ ಸಾಲಿನಲ್ಲಿ ಪರಿಶೀಲಿಸಬಹುದು.’ ನಿಯಮದ ಪ್ರಕಾರ ಅದರಲ್ಲಿ ಯಾವ ತಪ್ಪೂ ಇರಲಿಲ್ಲ. ಮೇಲಿನವರು ಸಹಿ ಹಾಕಿದರು. ಮುಂದಿನ ಸಾಲಿನಲ್ಲಿ ನಾನು ಆ ಮೇಜಿನಲ್ಲಿ ಇರಲಿಲ್ಲ. ಕಡತ ಏನಾಯಿತೋ ವಿಚಾರಿಸಲೂ ಇಲ್ಲ.

ಆ ಒಂದು ವಾಕ್ಯದಲ್ಲಿ ನಮ್ಮ ಆರೋಗ್ಯ ಆಡಳಿತದ ಮೂಲದೋಷವಿದೆ. ಪ್ರಕರಣಗಳು ಕಡಿಮೆಯಾದದ್ದು ಯಾರೋ ಕೆಲಸ ಮಾಡಿದ್ದರಿಂದ ಇರಬಹುದು ಎಂಬ ಯೋಚನೆಯೇ ಅದರಲ್ಲಿಲ್ಲ. ಭಯದ ವರ್ಷದಲ್ಲಿ ಹಣ, ನೆಮ್ಮದಿಯ ವರ್ಷದಲ್ಲಿ ಮರೆವು. ಬೆಂಕಿ ಬಿದ್ದಾಗ ಮಾತ್ರ ಬಾವಿ ತೋಡಲು ಅನುದಾನ. ರೋಗತಡೆಯ ಯಶಸ್ಸು ಕಣ್ಣಿಗೆ ಕಾಣುವುದಿಲ್ಲ. ಸಾಯದೆ ಉಳಿದವರು ಮೆರವಣಿಗೆ ಮಾಡಿಕೊಂಡು ವಿಧಾನಸೌಧಕ್ಕೆ ಬರುವುದಿಲ್ಲ. ಯಶಸ್ಸನ್ನೇ ಅನಗತ್ಯಕ್ಕೆ ಪುರಾವೆಯೆಂದು ಓದುವ ಬಜೆಟ್ ಪದ್ಧತಿಯಲ್ಲಿ ಯಾವ ಲಸಿಕೆಯೂ ದೀರ್ಘಕಾಲ ಬಾಳುವುದಿಲ್ಲ.

ಆಸ್ಟ್ರಿಯಾ ಶ್ರೀಮಂತ ದೇಶ, ನಮಗೂ ಅವರಿಗೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ವ್ಯತ್ಯಾಸ ಹಣದ್ದು ಮಾತ್ರವಲ್ಲ. ಆಸ್ಟ್ರಿಯಾದ ಉಣುಗು ಮರ ಕಡಿಯುವವನನ್ನೂ ಕಚ್ಚುತ್ತದೆ, ಭಾನುವಾರ ಬೆಟ್ಟ ಹತ್ತಲು ಬಂದ ವಿಯೆನ್ನಾದ ವಕೀಲನನ್ನೂ ಕಚ್ಚುತ್ತದೆ. ಅಲ್ಲಿ ಕಾಡು ಎಲ್ಲರ ವಿಹಾರತಾಣ. ಹಾಗಾಗಿ ಲಸಿಕೆಗೆ ಕೊಳ್ಳುವವರಿದ್ದರು, ಕೇಳುವ ದನಿಯೂ ಇತ್ತು. ನಮ್ಮ ಉಣುಗು ಹೆಚ್ಚಾಗಿ ಕಚ್ಚುವುದು ತರಗೆಲೆ ಹೊರುವವಳನ್ನು, ದನ ಕಾಯುವವನನ್ನು. ಜೋಗ ನೋಡಲು ಬೆಂಗಳೂರಿನಿಂದ ಬಂದವರು ರಸ್ತೆಯಿಂದ ಕೆಳಗಿಳಿಯುವುದಿಲ್ಲ. ವರ್ಷಕ್ಕೆ ಕೆಲವು ನೂರು ರೋಗಿಗಳು, ಬಹುಪಾಲು ಬಡವರು, ಕೆಲವೇ ಜಿಲ್ಲೆಗಳಲ್ಲಿ: ಯಾವ ಔಷಧ ಕಂಪನಿಯೂ ತಾನಾಗಿ ಬಂಡವಾಳ ಹೂಡುವ ಮಾರುಕಟ್ಟೆ ಇದಲ್ಲ. ಮಾರುಕಟ್ಟೆ ಕೈಚೆಲ್ಲುವ ಕಡೆ ಸರ್ಕಾರ ನಿಲ್ಲಬೇಕೆಂಬುದು ಅರ್ಥಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಇಲ್ಲಿ ಮಾರುಕಟ್ಟೆಯೂ ಬರಲಿಲ್ಲ, ಸರ್ಕಾರವೂ ಗಟ್ಟಿಯಾಗಿ ನಿಲ್ಲಲಿಲ್ಲ.

ಇನ್ನೊಂದು ಸಂಗತಿಯನ್ನೂ ಮರೆಯುವಂತಿಲ್ಲ. ಈ ಸೀಮೆಯ ಕಾಡಂಚಿನಲ್ಲಿ ನೆಲೆಸಿರುವ ಅನೇಕರು ತಾವಾಗಿ ಅಲ್ಲಿಗೆ ಹೋದವರಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಗದ್ದೆ, ತೋಟ, ದೇವಸ್ಥಾನಗಳು ನೀರಿನಡಿ ಸೇರಿದವು. ಮುಳುಗಡೆಯಾದ ಜನ ಸಿಕ್ಕಲ್ಲಿ ನೆಲೆ ಕಂಡುಕೊಂಡರು. ನಾಡಿಗೆಲ್ಲ ಬೆಳಕು ಕೊಟ್ಟವರ ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಇಂದಿಗೂ ಅಲೆಯುತ್ತಿದ್ದಾರೆ. ಹಿನ್ನೀರಿನಾಚೆಯ ಹಳ್ಳಿಗಳಿಗೆ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೂ ಆ ದಾರಿಯಲ್ಲಿ ಲಾಂಚೇ ಗತಿಯಾಗಿತ್ತು. ಅರಳಗೋಡಿನ ರೋಗಿ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ನೂರು ಕಿಲೋಮೀಟರ್ ಆಸುಪಾಸು ಪಯಣಿಸಬೇಕು. ಕಾಯಿಲೆ ಬಿಗಡಾಯಿಸಿದರೆ ಘಟ್ಟ ಇಳಿದು ಮಣಿಪಾಲಕ್ಕೆ. ಈ ಜನರಿಗೆ ಒಂದು ಲಸಿಕೆಯನ್ನು ಕಾಪಾಡಿಕೊಡುವುದು ದಾನವಲ್ಲ, ಹಳೆಯ ಸಾಲದ ಒಂದು ಕಂತು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ಹೈದರಾಬಾದಿನ ಇಂಡಿಯನ್ ಇಮ್ಯುನಲಾಜಿಕಲ್ಸ್ ಜೊತೆಗೂಡಿ ಹೊಸ ಲಸಿಕೆಯನ್ನು ಸಿದ್ಧಪಡಿಸುತ್ತಿದೆ. ಇದು ಭರವಸೆಯ ಸುದ್ದಿ. ಆದರೆ ಲಸಿಕೆ ಬಂದ ಮಾತ್ರಕ್ಕೆ ಎಲ್ಲವೂ ಸರಿಹೋಗುವುದಿಲ್ಲ ಎಂಬುದಕ್ಕೆ ಹಳೆಯ ಲಸಿಕೆಯ ಚರಿತ್ರೆಯೇ ಸಾಕ್ಷಿ. ಅದು ಬರುವ ಮೊದಲೇ ನಾವು ಮಾಡಿಕೊಳ್ಳಬೇಕಾದ ಸಿದ್ಧತೆಗಳಿವೆ.

ಮೊದಲನೆಯದು, ಖರೀದಿಯ ಖಾತರಿ. ಇಂತಿಷ್ಟು ಡೋಸ್‌ಗಳನ್ನು ಇಂತಿಷ್ಟು ವರ್ಷ ಕೊಳ್ಳುತ್ತೇವೆ ಎಂದು ರಾಜ್ಯ ಸರ್ಕಾರ ಕೇಂದ್ರದೊಡನೆ ಸೇರಿ ಲಿಖಿತ ಭರವಸೆ ನೀಡಬೇಕು. ವೈರಾಣು ಈಗ ಕೇರಳ, ಗೋವಾ, ಮಹಾರಾಷ್ಟ್ರಗಳಲ್ಲಿಯೂ ಕಾಣಿಸಿಕೊಂಡಿರುವುದರಿಂದ ಆ ರಾಜ್ಯಗಳನ್ನೂ ಜೊತೆಗೂಡಿಸಿಕೊಳ್ಳಬಹುದು. 2011ರ ಜನಗಣತಿಯ ಪ್ರಕಾರ ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕುಗಳ ಒಟ್ಟು ಜನಸಂಖ್ಯೆ ಐದು ಲಕ್ಷವನ್ನೂ ಮುಟ್ಟುವುದಿಲ್ಲ. ಆರು ಕೋಟಿ ದಾಟಿದ ರಾಜ್ಯಕ್ಕೆ ಇದು ಹೊರಲಾರದ ಹೊರೆಯಲ್ಲ.

ಎರಡನೆಯದು, ಪಂಚಾಂಗದಂತೆ ನಿಯತವಾದ ಕಾರ್ಯಕ್ರಮ. ಮಳೆ ನಿಲ್ಲುತ್ತಿದ್ದಂತೆ, ಉಣುಗು ಏಳುವ ಮೊದಲೇ, ಲಸಿಕೆ ಹಾಗೂ ತಿಳಿವಳಿಕೆಯ ಕೆಲಸ ಮುಗಿಯಬೇಕು. ಮೊದಲ ಸಾವಿನ ಸುದ್ದಿಗೆ ಕಾದು ಕುಳಿತರೆ ತಡವಾಯಿತೆಂದೇ ಅರ್ಥ. ಹಿಂದಿನ ವರ್ಷ ಪ್ರಕರಣಗಳು ಎಷ್ಟೇ ಕಡಿಮೆಯಿರಲಿ, ಕ್ಷೇತ್ರ ಸಿಬ್ಬಂದಿಯ ಹುದ್ದೆಗಳಿಗೂ ಪ್ರಯೋಗಾಲಯಕ್ಕೂ ಹಣ ಕಡಿತವಾಗಬಾರದು.

ಮೂರನೆಯದು, ಅಂದು ಶಾಲೆಯ ಜಗಲಿಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರ. ಲಸಿಕೆ ಉಚಿತವಾದರೂ ಕೂಲಿಯವಳಿಗೆ ಅದರ ಬೆಲೆ ಎರಡು ದಿನದ ದುಡಿಮೆ. ಆ ಬೆಲೆಯನ್ನು ಸರ್ಕಾರ ಭರಿಸಲಿ. ರೋಗ ಬಂದ ಮೇಲೆ ಆಸ್ಪತ್ರೆಯ ವೆಚ್ಚ ತುಂಬುವ ಯೋಜನೆ ನಮ್ಮಲ್ಲಿದೆ. ರೋಗ ಬಾರದಂತೆ ತಡೆಯಲು ಎರಡು ದಿನದ ಕೂಲಿ ಕೊಡುವುದು ಅದಕ್ಕಿಂತ ಅಗ್ಗವಾದೀತು. ಕಾಯಿಲೆ ಬಿದ್ದವನು ವಾರಗಟ್ಟಲೆ ಕೂಲಿ ಕಳೆದುಕೊಳ್ಳುತ್ತಾನೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದರೆ ಈ ಬಗ್ಗೆ ಅನುಮಾನವೇ ಉಳಿಯುವುದಿಲ್ಲ.

ನಾಲ್ಕನೆಯದು, ಬಹಿರಂಗ ಲೆಕ್ಕ. ಆಸ್ಟ್ರಿಯಾದಲ್ಲಿ ರೋಗ ಎಲ್ಲೆಲ್ಲಿ ಕಂಡಿತೆಂಬ ನಕ್ಷೆ ಜನರ ಕೈಗೆ ಸಿಗುತ್ತದೆ. ನಮ್ಮಲ್ಲಿ ಸಾವಿನ ಸಂಖ್ಯೆಯ ಬಗ್ಗೆ ಊರಿನವರ ಲೆಕ್ಕವೇ ಒಂದು, ಕಚೇರಿಯ ಲೆಕ್ಕವೇ ಇನ್ನೊಂದು. ಯಾವ ಪಂಚಾಯಿತಿಯಲ್ಲಿ ಎಷ್ಟು ಮಂಗ ಸತ್ತವು, ಎಷ್ಟು ರಕ್ತದ ಮಾದರಿ ಹೋದವು, ಎಷ್ಟಕ್ಕೆ ಫಲಿತಾಂಶ ಬಂತು ಎಂಬುದು ಋತುವಿನುದ್ದಕ್ಕೂ ವಾರವಾರವೂ ಪಂಚಾಯಿತಿ ಕಚೇರಿಯ ಫಲಕದ ಮೇಲೆ ಕಾಣಬೇಕು.

ವಿದೇಶ ಅಧ್ಯಯನ ಪ್ರವಾಸಗಳನ್ನು ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಹೋಗಲಿ. ಆದರೆ ಹೊರಡುವ ಪ್ರತಿ ತಂಡವೂ ನಮ್ಮ ಒಂದು ತಾಲ್ಲೂಕಿನ ಒಂದು ಸಮಸ್ಯೆಯನ್ನು ಬರೆದುಕೊಂಡು ಹೋಗಲಿ. ಮರಳಿದ ತಿಂಗಳೊಳಗೆ ಅದಕ್ಕೆ ಸಿಕ್ಕ ಉತ್ತರವನ್ನು ಎಲ್ಲರೂ ಓದುವಂತೆ ಪ್ರಕಟಿಸಲಿ. ಪ್ರಶ್ನೆಯಿಲ್ಲದೆ ಹೋದವನಿಗೆ ಯಂತ್ರಗಳು ಕಾಣುತ್ತವೆ, ಕಟ್ಟಡಗಳು ಕಾಣುತ್ತವೆ. ನನಗಾದದ್ದೂ ಅದೇ. ಬೇಕಾಗಿದ್ದ ಉತ್ತರ ಅಂಗಡಿಯ ಬಾಗಿಲಿಗೇ ಅಂಟಿಕೊಂಡಿತ್ತು. ಕಂಡೂ ಬರೆಯಲಿಲ್ಲ, ಬರೆಯುವ ಅವಕಾಶ ಎರಡನೆಯ ಬಾರಿ ಕಡತದ ರೂಪದಲ್ಲಿ ಮೇಜಿಗೆ ಬಂದಾಗ ಬರೆದದ್ದು ‘ಮುಂದಿನ ಸಾಲಿನಲ್ಲಿ’ ಎಂದು.

ಮಲೆನಾಡಿನಲ್ಲಿ ಪ್ರತಿವರ್ಷವೂ ಮಳೆ ನಿಲ್ಲುತ್ತದೆ, ಎಲೆ ಉದುರುತ್ತದೆ, ತರಗೆಲೆಯ ಹೊರೆ ಹೊತ್ತ ಹೆಂಗಸರು ಬೆಟ್ಟದಿಂದ ಇಳಿಯುತ್ತಾರೆ. ಉಣುಗಿಗೆ ಮುಂದಿನ ಸಾಲು ಎಂಬುದಿಲ್ಲ. ಅದು ಈ ವರ್ಷವೇ ಬರುತ್ತದೆ.

(ಲೇಖಕರು ನಿವೃತ್ತ ಹಿರಿಯ ಸರ್ಕಾರಿ ಅಧಿಕಾರಿ)